ಐಸ್‌ಲ್ಯಾಂಡ್‌ನ ಒಣಮೀನು, ಸ್ಕಿರ್ ಮತ್ತು ಒಂದು ಮಾಸ್ ಬ್ಯಾಲೆನ್ಸ್

ಪ್ರೋಟೀನ್ ಸ್ನ್ಯಾಕ್ ಅಂದ್ರೆ ನಮಗೆಲ್ಲ ಮೊದಲು ನೆನಪಾಗೋದು ಬಾರ್, ಪೌಡರ್. ಇವು ಬರೋದಕ್ಕೆ ಎಷ್ಟೋ ಶತಮಾನ ಮೊದಲೇ ಐಸ್‌ಲ್ಯಾಂಡ್ ಜನ ಅಂಥ ಎರಡು ಆಹಾರ ಮಾಡಿಕೊಂಡಿದ್ದರು: ಹಾರ್ದ್‌ಫಿಸ್ಕುರ್ ಎಂಬ ಒಣಮೀನು ಮತ್ತು ಸ್ಕಿರ್ ಎಂಬ ಗಟ್ಟಿ ಮೊಸರು. ಎರಡಕ್ಕೂ ಪ್ರೋಟೀನ್ ಹೊರಗಿನಿಂದ ಸೇರಿಸೋದಿಲ್ಲ, ನೀರು ತೆಗೀತಾರೆ ಅಷ್ಟೆ. ಹಾಗಾಗಿ ನಾವು ಫಸ್ಟ್ ಇಯರ್ ಲೆಕ್ಕದಲ್ಲೇ ಇದನ್ನು ನೋಡಬಹುದು.

ಒಣಮೀನಿನ ಲೆಕ್ಕ

100 ಗ್ರಾಂ ಹಸಿ ಕಾಡ್ ಮೀನಿನ ಮಾಂಸದಲ್ಲಿ ಸುಮಾರು 81 ಗ್ರಾಂ ನೀರು, 18 ಗ್ರಾಂ ಪ್ರೋಟೀನ್ ಇರುತ್ತೆ. ನೀರು ಬಿಟ್ಟರೆ ಉಳಿಯೋದು 19 ಗ್ರಾಂ. ಒಣಗಿದ ಮೇಲೆ ಶೇ. 15ರಷ್ಟು ತೇವಾಂಶ ಉಳಿಯಿತು ಅಂತ ಇಟ್ಟುಕೊಳ್ಳೋಣ. ಆಗ ತೂಕ 19 ÷ 0.85 = 22.4 ಗ್ರಾಂ. ಪ್ರೋಟೀನ್ ಅದೇ 18 ಗ್ರಾಂ, ಆದರೆ ಅದರ ಪಾಲು ಶೇ. 80 ಆಯಿತು!

ಈಗ ಶಕ್ತಿಯ ಲೆಕ್ಕ. 1 ಕೆಜಿ ಒಣಮೀನಿಗೆ ಸುಮಾರು 4.5 ಕೆಜಿ ಹಸಿ ಮಾಂಸ ಬೇಕು, ಅಂದ್ರೆ 3.5 ಕೆಜಿ ನೀರು ಆವಿಯಾಗಬೇಕು. ಲೇಟೆಂಟ್ ಹೀಟ್ ಕೆಜಿಗೆ 2.4 ಮೆಗಾಜೂಲ್ ಅಂತ ಹಿಡಿದರೆ 8.4 ಮೆಗಾಜೂಲ್, ಅಂದ್ರೆ ಕನಿಷ್ಠ 2.3 ಯೂನಿಟ್ ಕರೆಂಟಿನಷ್ಟು. ಹಿಂದೆ ಈ ಕೆಲಸವನ್ನು ಪುಕ್ಕಟೆ ಮಾಡ್ತಿದ್ದದ್ದು ಸಮುದ್ರದ ಗಾಳಿ. ಗಾಳಿಯಾಡುವ ಮರದ ಗುಡಿಸಲಲ್ಲಿ ಮೀನನ್ನು ವಾರಗಟ್ಟಲೆ ನೇತುಹಾಕುತ್ತಿದ್ದರು. ಚಳಿಯಿಂದ ಬ್ಯಾಕ್ಟೀರಿಯಾ ಬೆಳೆಯೋದು ನಿಧಾನ, ನೊಣದ ಕಾಟವೂ ಕಡಿಮೆ. ಒಣಗಿದ ಮೀನನ್ನು ಕುಟ್ಟಿ ಮೆದು ಮಾಡಿ, ಬೆಣ್ಣೆ ಸವರಿ ತಿಂತಾರೆ.

ಇಂದು ಅಲ್ಲಿ ಕಾಡ್ ಮೀನಿನ ತಲೆ, ಮೂಳೆಗಳನ್ನೂ ಬಿಸಾಡಲ್ಲ. ಭೂಮಿಯೊಳಗಿನ ಬಿಸಿನೀರಿನ ಶಾಖದಿಂದ ಒಣಗಿಸಿ ನೈಜೀರಿಯಾಕ್ಕೆ ಕಳಿಸ್ತಾರೆ, ಅಲ್ಲಿ ಅದು ಸೂಪಿಗೆ ಹೋಗುತ್ತೆ. ಹಿಡಿಯೋದಕ್ಕೂ ಮಿತಿ ಇದೆ: 1984ರಿಂದ ಕಾಡ್ ಮೀನಿಗೆ ಕೋಟಾ ಪದ್ಧತಿ ಜಾರಿಯಲ್ಲಿದೆ.

ಸ್ಕಿರ್‌ನ ಲೆಕ್ಕ

ಶ್ರೀಖಂಡಕ್ಕೆ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರು ಬಸಿಯೋದು ನಮಗೆ ಗೊತ್ತು. ಸ್ಕಿರ್ ಕೂಡ ಹಾಗೇ, ಆದ್ರೆ ಕೆನೆ ತೆಗೆದ ಹಾಲಿನಿಂದ. 4 ಲೀಟರ್ ಹಾಲಿನಲ್ಲಿ ಸುಮಾರು 136 ಗ್ರಾಂ ಪ್ರೋಟೀನ್ ಇರುತ್ತೆ. ಅದರಲ್ಲಿ ಶೇ. 80ರಷ್ಟು ಕೇಸಿನ್. ಅದು ಗಟ್ಟಿಯಾಗಿ ಬಟ್ಟೆಯಲ್ಲಿ ಉಳಿದು, 1 ಕೆಜಿ ಸ್ಕಿರ್‌ನಲ್ಲಿ ಸುಮಾರು 110 ಗ್ರಾಂ ಪ್ರೋಟೀನ್ ಸಿಗುತ್ತೆ. ಕೊಬ್ಬು ತೀರಾ ಕಡಿಮೆ.

ಹಾಗಾದ್ರೆ ಮಿಕ್ಕ 3 ಲೀಟರ್ ಹುಳಿನೀರು? ಅದನ್ನು ಚರಂಡಿಗೆ ಬಿಟ್ಟರೆ ನೀರಿನ ಆಮ್ಲಜನಕ ತಿಂದು ಮೀನುಗಳಿಗೇ ಕುತ್ತು. ಐಸ್‌ಲ್ಯಾಂಡ್‌ನಲ್ಲಿ ಸಮುದ್ರದ ನೀರು ಕಾಯಿಸಿ ಉಪ್ಪು ಮಾಡೋಕೆ ಸೌದೆಗೇ ಬರ ಇತ್ತು. ಅದಕ್ಕೇ ಅವರು ಈ ಹುಳಿನೀರಿನಲ್ಲಿ ಮಾಂಸ ನೆನೆಸಿಟ್ಟು ಚಳಿಗಾಲ ಕಳೀತಿದ್ದರು. ನೀರು ಬೆರೆಸಿ ಕುಡೀತಲೂ ಇದ್ದರು.

ಪ್ಯಾಕೆಟ್ ನೋಡುವಾಗ

‘100 ಗ್ರಾಂಗೆ ಇಷ್ಟು ಪ್ರೋಟೀನ್’ ಅನ್ನೋದನ್ನು ಮಾತ್ರ ನೋಡಿ ದುಡ್ಡು ಕೊಡಬೇಡಿ. ಒಣಗಿದ ಯಾವ ಪದಾರ್ಥದಲ್ಲೂ ಆ ಅಂಕಿ ದೊಡ್ಡದಾಗೇ ಕಾಣುತ್ತೆ. ನಾವು ಒಂದು ಸಲಕ್ಕೆ ತಿನ್ನೋದು ಎಷ್ಟು ಗ್ರಾಂ, ಅದರಲ್ಲಿ ಉಪ್ಪು, ಸಕ್ಕರೆ ಎಷ್ಟು ಅಂತ ನೋಡಿ. ಇನ್ನು ‘ಸಸ್ಟೇನಬಲ್’ ಅಂತ ಬರೆದಿದ್ದರೆ ಎರಡು ಪ್ರಶ್ನೆ ಕೇಳಿ: ನೀರು ತೆಗೆಯೋ ಶಾಖ ಎಲ್ಲಿಂದ ಬಂತು? ಮಿಕ್ಕಿದ್ದು ಎಲ್ಲಿಗೆ ಹೋಯ್ತು?