ಹೆಸರು ತೋರಿಸುತ್ತದೆ, ದನಿ ಬರುವುದಿಲ್ಲ: ಬ್ಲೂಟೂತ್ ತೊಂದರೆಗೆ ನಾವೇ ಮಾಡಿಕೊಳ್ಳಬಹುದಾದ ಪರಿಹಾರ



ಇಂಗಳೇಶ್ವರ ಮತ್ತು ಸುತ್ತಲಿನ ಹಳ್ಳಿಗಳ ಸಂಘಗಳಿಗೆ ನಾವು ಭೇಟಿ ಕೊಟ್ಟಾಗ ಉಳಿತಾಯ, ಸಾಲ, ಮರುಪಾವತಿಯ ಮಾತು ಮುಗಿದ ಮೇಲೆ ಈಗ ಒಂದು ಹೊಸ ದೂರು ಕೇಳಿಬರುತ್ತದೆ. "ಸಿಸ್ಟರ್, ಫೋನಿನಾಗ ದನೀನ ಬರವಲ್ದು ನೋಡ್ರಿ." ಮೊದಮೊದಲು ಇದು ಹುಡುಗರ ಹಾಡಿನ ವಿಷಯ ಎಂದು ನಾವು ನಕ್ಕು ಸುಮ್ಮನಾಗುತ್ತಿದ್ದೆವು. ಆದರೆ ಎರಡು ಸಂಗತಿಗಳು ನಮ್ಮನ್ನು ಯೋಚನೆಗೆ ಹಚ್ಚಿದವು.

ಒಬ್ಬ ಸದಸ್ಯೆಯ ಮಗಳು ಹೆರಿಗೆಗೆಂದು ವಿಜಯಪುರದಲ್ಲಿ ಆಸ್ಪತ್ರೆ ಸೇರಿದ್ದಳು. ರಾತ್ರಿ ಒಂಬತ್ತರ ಸುಮಾರಿಗೆ ಅಳಿಯ ಫೋನ್ ಮಾಡಿದ. ತಾಯಿ ಎತ್ತಿ "ಹಲೋ, ಹಲೋ" ಎಂದರು. ಆ ಕಡೆಯಿಂದ ಸದ್ದೇ ಇಲ್ಲ. ನಾಲ್ಕು ಸಲ ಹೀಗೇ ಆಯಿತು. "ಫೋನ್ ಕೆಟ್ಟೈತಿ, ಮುಂಜಾನೆ ನೋಡೂಣು" ಎಂದು ಅವರು ಮಲಗಿದರು. ರಕ್ತ ಬೇಕಾಗಿದೆ, ಕೊಡುವವರನ್ನು ಕರೆದುಕೊಂಡು ಬನ್ನಿ ಎಂದು ಅಳಿಯ ಹೇಳುತ್ತಿದ್ದ. ಕೊನೆಗೆ ಅವನು ಪಕ್ಕದ ಮನೆಯವರಿಗೆ ಫೋನ್ ಮಾಡಿದ್ದರಿಂದ ಅವರು ಬಂದು ಬಾಗಿಲು ಬಡಿದರು. ದೇವರ ದಯೆಯಿಂದ ತಾಯಿ, ಮಗು ಇಬ್ಬರೂ ಉಳಿದರು. ಆದರೆ ಎರಡು ತಾಸು ಸುಮ್ಮನೆ ಹೋಯಿತು. ಫೋನ್ ಕೆಟ್ಟಿರಲಿಲ್ಲ. ಮಗ ಕೊರಳಿಗೆ ಹಾಕಿಕೊಳ್ಳುವ ಇಯರ್‌ಫೋನನ್ನು ಬಂದ್ ಮಾಡದೆ ಪಡಸಾಲಿಯ ಗೂಟಕ್ಕೆ ತೂಗುಹಾಕಿದ್ದ. ಅಳಿಯನ ಮಾತೆಲ್ಲ ಆ ಗೂಟದ ಮೇಲೆ ಕೇಳಿಸುತ್ತಿತ್ತು, ತಾಯಿಯ ಕಿವಿಗೆ ಬರಲಿಲ್ಲ.

ಇನ್ನೊಂದು ಸಂಘದಲ್ಲಿ ತರಬೇತಿಯ ವಿಡಿಯೋ ಕೇಳಲು ಸ್ಪೀಕರ್ ಕೊಂಡಿದ್ದರು. ಕಾರ್ಯದರ್ಶಿಯ ಫೋನಿಗೆ ಅದನ್ನು ಜೋಡಿಸಿದ್ದರು. ಸಭೆ ಮುಗಿದ ಮೇಲೆ ಅವರು ಒಳಗಿನ ಕೋಣೆಗೆ ಹೋದಾಗ ಅಣ್ಣನ ಫೋನ್ ಬಂತು. ಗಂಡ ಮಾಡಿದ ಕೈಗಡದ ಮಾತು ಅದು. ಅಣ್ಣನ ದನಿ ಹೊರಗೆ ಕುಳಿತಿದ್ದ ಎಂಟು ಜನ ಹೆಣ್ಣುಮಕ್ಕಳ ನಡುವೆ ದೊಡ್ಡದಾಗಿ ಕೇಳಿತು. ಆಕೆ ಮುಂದಿನ ಎರಡು ಸಭೆಗೆ ಬರಲಿಲ್ಲ. ಅಧ್ಯಕ್ಷೆ ಮನೆಗೆ ಹೋಗಿ "ನಾವು ಕೇಳಿದ್ದು ನಮ್ಮಲ್ಲೇ ಇರತೈತಿ ತಂಗಿ, ನೀ ಬಾ" ಎಂದು ಕರೆತಂದರು.

ಈ ಎರಡರಲ್ಲೂ ಯಂತ್ರದ ತಪ್ಪಿಲ್ಲ, ಹೆಣ್ಣುಮಕ್ಕಳ ದಡ್ಡತನವೂ ಅಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ. ಆದ್ದರಿಂದ ಈ ತಿಂಗಳ ಪಾಠ ಇದೇ ಇರಲಿ ಎಂದುಕೊಂಡೆವು.

1. ಬ್ಲೂಟೂತ್ ಎಂದರೇನು?

ತಂತಿ ಇಲ್ಲದೆ ಹತ್ತಿರದ ಎರಡು ಯಂತ್ರಗಳು ಮಾತಾಡಿಕೊಳ್ಳುವ ವಿಧಾನವೇ ಬ್ಲೂಟೂತ್. ರೇಡಿಯೋದ ಹಾಗೆ ಇದೂ ಕಣ್ಣಿಗೆ ಕಾಣದ ಅಲೆಗಳ ಮೇಲೆ ನಡೆಯುತ್ತದೆ. ಸ್ವೀಡನ್ ದೇಶದ ಎರಿಕ್ಸನ್ ಕಂಪನಿಯಲ್ಲಿ 1994ರಲ್ಲಿ ಇದರ ಕೆಲಸ ಶುರುವಾಯಿತು. ಸಾವಿರ ವರ್ಷಗಳ ಹಿಂದೆ ಡೆನ್ಮಾರ್ಕಿನಲ್ಲಿ ಹೆರಾಲ್ಡ್ ಎಂಬ ರಾಜನಿದ್ದ. ಅವನ ಅಡ್ಡಹೆಸರು ಬ್ಲೂಟೂತ್, ಅಂದರೆ ನೀಲಿ ಹಲ್ಲು. ಬೇರೆ ಬೇರೆಯಾಗಿದ್ದ ಜನರನ್ನು ಅವನು ಒಂದು ಮಾಡಿದ ಹಾಗೆ ಬೇರೆ ಬೇರೆ ಯಂತ್ರಗಳನ್ನು ಇದು ಒಂದುಗೂಡಿಸುತ್ತದೆಂದು ಅವನ ಹೆಸರನ್ನೇ ಇಟ್ಟರು.

ಮೂರು ಮಾತು ನೆನಪಿಡೋಣ.

ಅ. ಇದಕ್ಕೆ ನೆಟ್ ಬೇಕಾಗಿಲ್ಲ. ಡೇಟಾ ಪ್ಯಾಕ್ ಮುಗಿದಿದ್ದರೂ ಫೋನಿನಲ್ಲಿ ತುಂಬಿಟ್ಟ ಹಾಡು ಸ್ಪೀಕರಿನಲ್ಲಿ ಕೇಳುತ್ತದೆ. "ಕರೆನ್ಸಿ ಇಲ್ರಿ, ಅದಕ್ಕ ಬ್ಲೂಟೂತ್ ನಡೆಯವಲ್ದು" ಎನ್ನುವುದು ತಪ್ಪು.

ಆ. ಇದರ ಅಳತೆ ಚಿಕ್ಕದು. ಸಾಮಾನ್ಯವಾಗಿ ಸುಮಾರು 10 ಮೀಟರ್, ಅಂದರೆ 30 ಅಡಿಯ ಒಳಗೆ ಇದು ಕೆಲಸ ಮಾಡುತ್ತದೆ. ನಡುವೆ ಗೋಡೆ ಬಂದರೆ ಇನ್ನೂ ಕಡಿಮೆ.

ಇ. ಪರಿಚಯ ಬೇರೆ, ಕರೆಯುವುದು ಬೇರೆ. ಹೊಸ ಸ್ಪೀಕರನ್ನು ಫೋನಿಗೆ ಮೊದಲ ಸಲ ಗುರುತು ಮಾಡಿಸುವುದಕ್ಕೆ ಪೇರಿಂಗ್ ಎನ್ನುತ್ತಾರೆ. ಇದು ಒಮ್ಮೆ ಆದರೆ ಸಾಕು. ಆದರೆ ಪ್ರತಿ ಸಲ ಬಳಸುವಾಗ ಅದು ಕನೆಕ್ಟ್ ಆಗಬೇಕು. ಹೆಸರು ಪಟ್ಟಿಯಲ್ಲಿದ್ದರೆ ಪರಿಚಯವಾಗಿದೆ ಎಂದಷ್ಟೇ ಅರ್ಥ. ಹೆಸರಿನ ಕೆಳಗೆ "ಕನೆಕ್ಟೆಡ್" ಎಂದು ಬಂದಾಗ ಮಾತ್ರ ಜೋಡಣೆಯಾಗಿದೆ.

2. ತಪ್ಪು ಎಲ್ಲಿದೆ ಎಂದು ಮೊದಲು ನೋಡಿ

ಸ್ಪೀಕರ್ ಕೆಟ್ಟಿದೆಯೋ, ಫೋನ್ ಕೆಟ್ಟಿದೆಯೋ ಎಂದು ತಿಳಿಯದೆ ಅಂಗಡಿಗೆ ಹೋಗಬೇಡಿ. ಹೀಗೆ ಪರೀಕ್ಷೆ ಮಾಡಿ:

ಅ. ಬ್ಲೂಟೂತ್ ಬಂದ್ ಮಾಡಿ, ಫೋನಿನಲ್ಲೇ ಒಂದು ಹಾಡು ಹಚ್ಚಿ. ಕೇಳಿಸಿದರೆ ಫೋನಿನ ಸ್ಪೀಕರ್ ಸರಿಯಿದೆ.

ಆ. ಅದೇ ಬ್ಲೂಟೂತ್ ಸ್ಪೀಕರನ್ನು ಇನ್ನೊಬ್ಬ ಸದಸ್ಯೆಯ ಫೋನಿಗೆ ಜೋಡಿಸಿ. ಅಲ್ಲಿ ನಡೆದರೆ ಸ್ಪೀಕರ್ ಸರಿಯಿದೆ, ತೊಂದರೆ ನಿಮ್ಮ ಫೋನಿನಲ್ಲಿದೆ.

ಇ. ನಿಮ್ಮ ಫೋನಿಗೆ ಬೇರೆ ಸ್ಪೀಕರ್ ಅಥವಾ ಇಯರ್‌ಫೋನ್ ಜೋಡಿಸಿ. ಅದು ನಡೆದರೆ ತೊಂದರೆ ಮೊದಲಿನ ಸ್ಪೀಕರಿನಲ್ಲಿದೆ.

ಹತ್ತು ನಿಮಿಷದ ಈ ಪರೀಕ್ಷೆಯಿಂದ ಸಂಘದ ದುಡ್ಡು ಉಳಿಯುತ್ತದೆ.

3. ಫೋನಿನಲ್ಲಿ ಬರುವ ತೊಂದರೆಗಳು

ಫೋನ್ ಎತ್ತಿದರೆ ಮಾತು ಕೇಳಿಸುವುದಿಲ್ಲ: ಗಾಬರಿಯಾಗಿ ಕಟ್ ಮಾಡಬೇಡಿ. ಮಾತಾಡುತ್ತಿರುವಾಗಲೇ ಪರದೆಯನ್ನು ನೋಡಿ. ಅಲ್ಲಿ "ಸ್ಪೀಕರ್" ಅಥವಾ "ಬ್ಲೂಟೂತ್" ಎಂಬ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ದನಿ ಎಲ್ಲಿಗೆ ಹೋಗಬೇಕು ಎಂದು ಕೇಳುತ್ತದೆ. "ಫೋನ್" ಎಂಬುದನ್ನು ಒತ್ತಿ, ಮಾತು ಕಿವಿಗೆ ಬರುತ್ತದೆ. ಅದೂ ತಿಳಿಯದಿದ್ದರೆ ಪರದೆಯ ಮೇಲಿನ ಅಂಚಿನಿಂದ ಬೆರಳನ್ನು ಕೆಳಗೆ ಎಳೆದು ಬ್ಲೂಟೂತ್ ಗುರುತನ್ನು ಒತ್ತಿ ಬಂದ್ ಮಾಡಿ. ಓದು ಬರದ ತಾಯಂದಿರಿಗೆ ಈ ಗುರುತು ತೋರಿಸಿಕೊಡಿ. ಒಂದು ಉದ್ದ ಗೆರೆ, ಅದರ ಬಲಕ್ಕೆ ಎರಡು ಮೂಲೆ, ಎಡಕ್ಕೆ ಎರಡು ಬಾಲ. ನಾಲ್ಕು ಸಲ ಕೈಯಿಂದ ಮಾಡಿದರೆ ಯಾರಿಗಾದರೂ ಬರುತ್ತದೆ.

ಸ್ಪೀಕರಿನ ಹೆಸರೇ ಕಾಣುವುದಿಲ್ಲ: ಸ್ಪೀಕರಿನಲ್ಲಿ ಚಾರ್ಜ್ ಇದೆಯೇ ನೋಡಿ. ಹೊಸದಾಗಿ ಗುರುತು ಮಾಡಿಸುವಾಗ ಅದರ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಬೇಕು. ದೀಪ ಬೇಗಬೇಗ ಮಿನುಗಿದರೆ ಅದು ಪರಿಚಯಕ್ಕೆ ಸಿದ್ಧವಾಗಿದೆ ಎಂದರ್ಥ. ಫೋನಿನಲ್ಲಿ ವಿಮಾನದ ಗುರುತು ಹತ್ತಿದ್ದರೆ ಅದನ್ನು ತೆಗೆಯಿರಿ. ಹಳೆಯ ಕೆಲವು ಸ್ಪೀಕರುಗಳು ಗುಪ್ತ ಸಂಖ್ಯೆ ಕೇಳುತ್ತವೆ, ಹೆಚ್ಚಾಗಿ ಅದು 0000 ಇರುತ್ತದೆ.

ನಿನ್ನೆ ನಡೆದದ್ದು ಇವತ್ತು ಜೋಡಣೆಯಾಗುವುದಿಲ್ಲ: ನಿನ್ನೆ ಅದನ್ನು ಯಾರು ಒಯ್ದಿದ್ದರು ಎಂದು ಕೇಳಿ. ಎಷ್ಟೋ ಸ್ಪೀಕರುಗಳು ಒಂದು ಹೊತ್ತಿಗೆ ಒಂದೇ ಫೋನಿಗೆ ಅಂಟಿಕೊಳ್ಳುತ್ತವೆ. ಚಾಲೂ ಮಾಡಿದ ಕೂಡಲೇ ಕೊನೆಗೆ ಬಳಸಿದ ಫೋನನ್ನೇ ಹುಡುಕಿಕೊಂಡು ಹೋಗುತ್ತವೆ. ಹುಟ್ಟುಹಬ್ಬಕ್ಕೆಂದು ಒಯ್ದ ಪಕ್ಕದ ಮನೆಯ ಹುಡುಗನ ಫೋನಿನಲ್ಲಿ ಬ್ಲೂಟೂತ್ ಬಂದ್ ಮಾಡಿಸಿದರೆ ಅದು ನಿಮ್ಮ ಕಡೆಗೆ ಬರುತ್ತದೆ.

ಕನೆಕ್ಟೆಡ್ ಎಂದು ತೋರಿಸುತ್ತದೆ, ದನಿ ಇಲ್ಲ: ಫೋನಿನ ದನಿ, ಸ್ಪೀಕರಿನ ದನಿ ಎರಡನ್ನೂ ಏರಿಸಿ. ಎಷ್ಟೋ ಸಲ ಎರಡಕ್ಕೂ ಬೇರೆ ಬೇರೆ ಗುಂಡಿ ಇರುತ್ತದೆ. ನಂತರ ಬ್ಲೂಟೂತ್ ಪಟ್ಟಿಯಲ್ಲಿ ಹೆಸರಿನ ಪಕ್ಕದ ಚಕ್ರದ ಗುರುತು ಒತ್ತಿ. ಅಲ್ಲಿ ಫೋನ್ ಕರೆ, ಮೀಡಿಯಾ ಆಡಿಯೋ ಎಂದು ಎರಡು ಇರುತ್ತವೆ. ಮೀಡಿಯಾ ಬಂದ್ ಆಗಿದ್ದರೆ ಹಾಡು, ವಿಡಿಯೋ ಕೇಳುವುದಿಲ್ಲ.

ಇದಾವುದಕ್ಕೂ ಬಗ್ಗದಿದ್ದರೆ: ಫೋನ್, ಸ್ಪೀಕರ್ ಎರಡನ್ನೂ ಬಂದ್ ಮಾಡಿ ಮತ್ತೆ ಚಾಲೂ ಮಾಡಿ. ಆಗಲೂ ಆಗದಿದ್ದರೆ ಪಟ್ಟಿಯಲ್ಲಿರುವ ಹೆಸರನ್ನು "ಫರ್ಗೆಟ್" ಅಥವಾ "ಅನ್‌ಪೇರ್" ಒತ್ತಿ ತೆಗೆದುಹಾಕಿ, ಮೊದಲಿನಿಂದ ಪರಿಚಯ ಮಾಡಿಸಿ. ಹಳೆಯ ಗುರುತು ಕೆಟ್ಟಿದ್ದರೆ ಇದರಿಂದ ಸರಿಯಾಗುತ್ತದೆ.

ದನಿ ತುಂಡು ತುಂಡಾಗಿ ಬರುತ್ತದೆ: ದೂರ ಕಡಿಮೆ ಮಾಡಿ. ತಿಜೋರಿ, ತಗಡಿನ ಬಾಗಿಲು, ನೀರು ತುಂಬಿದ ಕೊಡ ಈ ಅಲೆಗಳನ್ನು ತಡೆಯುತ್ತವೆ. ನಮ್ಮ ಮೈಯಲ್ಲಿ ನೀರೇ ಹೆಚ್ಚು, ಆದ್ದರಿಂದ ನಡುವೆ ಜನ ಕುಳಿತರೂ ದನಿ ಕಡಿಯುತ್ತದೆ. ಸ್ಪೀಕರನ್ನು ನೆಲದ ಮೇಲೆ ಇಡದೆ ಎತ್ತರದ ಗೂಡಿನಲ್ಲಿಟ್ಟು, ಫೋನನ್ನು ಅದರ ಎದುರಿಗೆ ಇಡಿ. ವೈಫೈ, ಮೈಕ್ರೋವೇವ್ ಒಲೆ ಇವು ಕೂಡ ಸುಮಾರು 2.4 ಗಿಗಾಹರ್ಟ್ಸ್ ಅಲೆಗಳನ್ನೇ ಬಳಸುವುದರಿಂದ ಅವುಗಳ ಹತ್ತಿರ ಗದ್ದಲವಾಗುತ್ತದೆ. ಚಾರ್ಜ್ ಮುಗಿಯುತ್ತ ಬಂದಾಗಲೂ ಹೀಗಾಗುತ್ತದೆ.

ತುಟಿ ಮೊದಲು, ಮಾತು ಆಮೇಲೆ: ವಿಡಿಯೋದಲ್ಲಿ ದನಿ ಸ್ವಲ್ಪ ತಡವಾಗಿ ಬರುವುದು ಈ ಪದ್ಧತಿಯ ಗುಣ. ಇದು ಕೆಟ್ಟಿರುವ ಲಕ್ಷಣವಲ್ಲ. ತೊಂದರೆ ಎನಿಸಿದರೆ ತಂತಿ ಹಾಕಿ ಕೇಳಿ.

4. ಕಂಪ್ಯೂಟರಿನಲ್ಲಿ

ಒಕ್ಕೂಟದ ಕಚೇರಿಯಲ್ಲಿ ಕಂಪ್ಯೂಟರ್ ಇಟ್ಟುಕೊಂಡ ಸಂಘಗಳಿಗೆ ಈ ಮಾತು.

ಅ. ಮೇಜಿನ ಮೇಲಿನ ಹಳೆಯ ಕಂಪ್ಯೂಟರುಗಳಲ್ಲಿ ಬ್ಲೂಟೂತ್ ಇಲ್ಲದೇ ಇರಬಹುದು. ಸೆಟ್ಟಿಂಗ್ಸಿನಲ್ಲಿ ಆ ಹೆಸರೇ ಕಾಣದಿದ್ದರೆ ಯುಎಸ್‌ಬಿ ತೂತಿಗೆ ಸಿಕ್ಕಿಸುವ ಹೆಬ್ಬೆರಳ ಗಾತ್ರದ ಡಾಂಗಲ್ ಹಾಕಬೇಕು.

ಆ. ಸ್ಪೀಕರ್ ಜೋಡಣೆಯಾದರೂ ದನಿ ಕಂಪ್ಯೂಟರಿನಿಂದಲೇ ಬರುತ್ತಿದ್ದರೆ, ಕೆಳಗೆ ಬಲಮೂಲೆಯಲ್ಲಿ ಗಡಿಯಾರದ ಹತ್ತಿರವಿರುವ ಸ್ಪೀಕರ್ ಚಿತ್ರ ಒತ್ತಿ. ದನಿ ಎಲ್ಲಿಗೆ ಹೋಗಬೇಕು ಎಂಬ ಪಟ್ಟಿ ಸಿಗುತ್ತದೆ. ಅದರಲ್ಲಿ ನಿಮ್ಮ ಸ್ಪೀಕರಿನ ಹೆಸರು ಆರಿಸಿ.

ಇ. ಆನ್‌ಲೈನ್ ಸಭೆ ಶುರುವಾದ ಕೂಡಲೇ ದನಿ ಹಳೆಯ ಟೆಲಿಫೋನಿನ ಹಾಗೆ ಒಡಕಾಗುತ್ತದೆಯೇ? ಕೇಳುವುದು, ಮಾತಾಡುವುದು ಎರಡನ್ನೂ ಒಂದೇ ಇಯರ್‌ಫೋನಿನಲ್ಲಿ ಮಾಡಿದಾಗ ಸಾಮಾನ್ಯ ಬ್ಲೂಟೂತಿಗೆ ಹೊರೆ ಹೆಚ್ಚಾಗಿ ದನಿಯ ಗುಣ ಇಳಿಯುತ್ತದೆ. ಮಾತಾಡಲು ಲ್ಯಾಪ್‌ಟಾಪಿನದೇ ಮೈಕ್ ಆರಿಸಿ, ಕೇಳಲು ಮಾತ್ರ ಇಯರ್‌ಫೋನ್ ಬಳಸಿ.

ಈ. ಆಗಲೂ ಸರಿಯಾಗದಿದ್ದರೆ ಫೋನಿನ ಹಾಗೆಯೇ "ರಿಮೂವ್ ಡಿವೈಸ್" ಒತ್ತಿ, ಕಂಪ್ಯೂಟರ್ ಮರುಚಾಲೂ ಮಾಡಿ, ಹೊಸದಾಗಿ ಜೋಡಿಸಿ.

5. ಮಾತಿನ ಮರ್ಯಾದೆ ಉಳಿಸೋಣ

ನಮ್ಮ ಇಂಗಳೇಶ್ವರದಲ್ಲಿ ವಚನಗಳನ್ನು ಕಲ್ಲಿನಲ್ಲಿ ಕೆತ್ತಿಟ್ಟ ಮಂಟಪವಿದೆ. ಎಲ್ಲರೂ ಕೇಳಲಿ ಎಂದು ಬರೆಸಿದ ಮಾತು ಅದು. ಮನೆಯ ಕಷ್ಟದ ಮಾತು ಹಾಗಲ್ಲ, ಅದು ಕೇಳಬೇಕಾದವರಿಗೆ ಮಾತ್ರ ಕೇಳಬೇಕು.

ಅ. ಸಭೆ ಮುಗಿದ ಕೂಡಲೇ ಸ್ಪೀಕರ್ ಬಂದ್ ಮಾಡಿ. ಇದನ್ನು ಸಭೆಯ ಕೊನೆಯ ಕೆಲಸವೆಂದು ಒಬ್ಬರಿಗೆ ವಹಿಸಿ.

ಆ. ಸಂಘದ ಸ್ಪೀಕರಿಗೆ ಜೋಡಿಸಿದ ಫೋನಿನಲ್ಲಿ "ಫೋನ್ ಕರೆ" ಎಂಬುದನ್ನು ಬಂದ್ ಮಾಡಿಡಿ. ವಿಡಿಯೋ ಮಾತ್ರ ಸ್ಪೀಕರಿಗೆ ಹೋಗುತ್ತದೆ, ಕರೆ ನಿಮ್ಮ ಕಿವಿಗೇ ಬರುತ್ತದೆ.

ಇ. ಬಸ್ ಸ್ಟ್ಯಾಂಡಿನಲ್ಲಿ, ಸಂತೆಯಲ್ಲಿ ಗುರುತಿಲ್ಲದ ಹೆಸರು ಬಂದು "ಪೇರ್ ಮಾಡಲೇ?" ಎಂದರೆ ಬೇಡ ಎನ್ನಿ.

ಈ. ಬ್ಲೂಟೂತ್ ಸರಿ ಮಾಡಿಕೊಡುತ್ತೇವೆಂದು ಯಾರಾದರೂ ಫೋನ್ ಮಾಡಿ, ನಿಮ್ಮ ಪರದೆ ತಮಗೆ ಕಾಣುವಂಥ ಆ್ಯಪ್ ಹಾಕಿಕೊಳ್ಳಲು ಹೇಳಿದರೆ, ಓಟಿಪಿ ಕೇಳಿದರೆ, ತಕ್ಷಣ ಕಟ್ ಮಾಡಿ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ ದೂರು ಕೊಡಿ.

6. ಕಿವಿಯೂ ಮುಖ್ಯ, ದುಡ್ಡೂ ಮುಖ್ಯ

ದೊಡ್ಡವರು ವಾರಕ್ಕೆ 40 ತಾಸಿನ ಮಟ್ಟಿಗೆ 80 ಡೆಸಿಬಲ್ ದನಿ ಕೇಳಬಹುದು, ಮಕ್ಕಳಿಗೆ 75 ಡೆಸಿಬಲ್ ಮಿತಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದನಿ ಏರಿದಷ್ಟೂ ಕೇಳುವ ಹೊತ್ತು ಕಡಿಮೆ ಮಾಡಬೇಕು. ಪಕ್ಕದಲ್ಲಿ ಕರೆದರೂ ಕೇಳಿಸದಿದ್ದರೆ ದನಿ ಹೆಚ್ಚಾಗಿದೆ ಎಂದೇ ತಿಳಿಯಿರಿ. ರಸ್ತೆ ದಾಟುವಾಗ, ಗಾಡಿ ಹೊಡೆಯುವಾಗ, ಹೊಲದಲ್ಲಿ ಟ್ರ್ಯಾಕ್ಟರ್ ನಡೆದಾಗ ಕಿವಿಯಲ್ಲಿ ಇಯರ್‌ಫೋನ್ ಬೇಡ.

ಸಂಘದ ದುಡ್ಡಿನಲ್ಲಿ ಸ್ಪೀಕರ್ ಕೊಂಡರೆ ಬಿಲ್ಲು, ವಾರಂಟಿ ಕಾರ್ಡು ಎರಡನ್ನೂ ಸಂಘದ ಕಡತದಲ್ಲಿಡಿ. ಯಾರು ಒಯ್ದರು, ಯಾವಾಗ ತಂದರು ಎಂದು ಪುಸ್ತಕದಲ್ಲಿ ಬರೆಯಿರಿ. ವಾರಂಟಿ ಇದ್ದೂ ಅಂಗಡಿಯವರು ತಿರಸ್ಕರಿಸಿದರೆ ರಾಷ್ಟ್ರೀಯ ಗ್ರಾಹಕರ ಸಹಾಯವಾಣಿ 1915ಕ್ಕೆ ಹೇಳಬಹುದು.

ಸಹೋದರಿಯರೇ, ಸಾಲದ ಲೆಕ್ಕ ಬರೆಯುವುದನ್ನೂ, ಬ್ಯಾಂಕಿನ ಚೀಟಿ ತುಂಬುವುದನ್ನೂ ನಾವು ಒಬ್ಬರಿಗೊಬ್ಬರು ಹೇಳಿಕೊಟ್ಟೇ ಕಲಿತೆವು. ಇದೂ ಹಾಗೆಯೇ. ಮಗಳ ಹೆರಿಗೆಯ ರಾತ್ರಿ ನಿದ್ದೆಗೆಟ್ಟ ಆ ತಾಯಿ ಈಗ ತಮ್ಮ ಓಣಿಯಲ್ಲಿ ಎಲ್ಲರಿಗೂ ಆ ಗುರುತು ತೋರಿಸಿಕೊಡುತ್ತಿದ್ದಾರೆ. "ನನಗಾದದ್ದು ಇನ್ನೊಬ್ಬರಿಗೆ ಆಗಬಾರದ್ರಿ ಸಿಸ್ಟರ್" ಎನ್ನುತ್ತಾರೆ.

ಸಭೆಯಲ್ಲಿ ಚರ್ಚಿಸಿ, ಮಾಡಿ ನೋಡಿ

1. ನಮ್ಮ ಸಂಘದಲ್ಲಿ ಫೋನಿನ ದನಿ ಬಾರದೆ ಯಾರಿಗೆ ಯಾವ ನಷ್ಟವಾಗಿದೆ?
2. ಪ್ರತಿಯೊಬ್ಬರೂ ತಮ್ಮ ಫೋನಿನಲ್ಲಿ ಬ್ಲೂಟೂತ್ ಗುರುತು ಹುಡುಕಿ, ಒಮ್ಮೆ ಬಂದ್ ಮಾಡಿ, ಒಮ್ಮೆ ಚಾಲೂ ಮಾಡಿ ತೋರಿಸಿ.
3. ಇಬ್ಬರು ಒಬ್ಬರಿಗೊಬ್ಬರು ಫೋನ್ ಮಾಡಿ, ಮಾತಿನ ನಡುವೆ ದನಿಯನ್ನು ಸ್ಪೀಕರಿನಿಂದ ಫೋನಿಗೆ ತಂದು ನೋಡಿ.
4. ಸಭೆಯ ಕೊನೆಗೆ ಸ್ಪೀಕರ್ ಬಂದ್ ಮಾಡುವ ಹೊಣೆ ಯಾರದು? ಹೆಸರನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ.