ಒಂದು ಚಕ್ರಕ್ಕೆ ಕ್ಲೇಮ್ ಬೇಡ

ಕಾರಿನ ಒಂದು ಚಕ್ರ ಕಳವಾದರೆ ಇನ್ಶೂರೆನ್ಸ್ ಕ್ಲೇಮ್ ಮಾಡಬೇಡಿ. ನಾಲ್ಕೂ ಹೋದರೆ ಮಾಡಿ. ಎರಡು ಹೋದರೆ ಕಾಗದ-ಪೆನ್ನು ಹಿಡಿದು ಕೂತು ಲೆಕ್ಕ ಹಾಕಿ. ಇಷ್ಟು ಹೇಳುವುದಕ್ಕೆ ಒಂದು ಇಡೀ ಅಂಕಣ ಬೇಕೇ ಎಂದು ಕೇಳಿದರೆ, ಬೇಕು. ಮೈಸೂರಿನಲ್ಲಿ ಮದುವೆಗೆ ಹೋಗಿದ್ದ ನಮ್ಮ ಅಕ್ಕನ ಮಗ ಛತ್ರದ ಹಿಂದಿನ ರಸ್ತೆಯಲ್ಲಿ ಕಾರು ನಿಲ್ಲಿಸಿದ್ದ. ಊಟ ಮುಗಿಸಿ ಬರುವಷ್ಟರಲ್ಲಿ ಎಡಗಡೆಯ ಹಿಂದಿನ ಚಕ್ರ ಮಾಯ. ಮೊದಲು ಕ್ಲೇಮ್ ಹಾಕಿ, ಆಮೇಲೆ ನನಗೆ ಫೋನ್ ಮಾಡಿದ. “ಏಜೆಂಟ್ರೇ ಹೇಳಿದ್ರು ಮಾವ, ವರ್ಷಾ ವರ್ಷಾ ಪ್ರೀಮಿಯಂ ಕಟ್ತಾ ಇದೀವಲ್ಲ, ಬಿಡೋದ್ಯಾಕೆ ಅಂತ.”

ಕಟ್ಟಿದ್ದೇವೆ, ಆದ್ದರಿಂದ ವಸೂಲಿ ಮಾಡಬೇಕು. ವಿಮೆಯ ವಿಷಯದಲ್ಲಿ ನಮ್ಮ ಜನ ಇಟ್ಟುಕೊಂಡಿರುವ ನಂಬಿಕೆಗಳಲ್ಲಿ ಇದರಷ್ಟು ದುಬಾರಿಯದು ಇನ್ನೊಂದಿಲ್ಲ. ಅವನಿಗೆ ಫೋನಿನಲ್ಲಿ ಹೇಳಿದ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅಂಕಿಗಳು ನನ್ನವು. ಎರಡು ವರ್ಷದ ಹಿಂದೆ ನನ್ನ ಕಾರಿನ ನಾಲ್ಕೂ ಚಕ್ರ ಹೋಗಿದ್ದವು.

ಬೆಂಗಳೂರಿನಲ್ಲಿ ಮನೆ ಮುಂದೆಯೇ ನಿಲ್ಲಿಸಿದ್ದ ಕಾರು. ಒಂದೂವರೆ ಲೀಟರ್ ಪೆಟ್ರೋಲ್ ಎಂಜಿನ್ನಿನದು, ಮೂರು ವರ್ಷ ದಾಟಿತ್ತು, 17 ಇಂಚಿನ ಕಂಪನಿ ಅಲಾಯ್. ಎದುರು ಸೈಟಿನಲ್ಲಿ ಮನೆ ಕಟ್ಟಲು ತಂದಿಟ್ಟಿದ್ದ ಸಾಲಿಡ್ ಬ್ಲಾಕುಗಳನ್ನೇ ಎತ್ತಿಕೊಂಡು ಬಂದು ಕಾರಿನ ಕೆಳಗೆ ಕೊಟ್ಟಿದ್ದರು. ಒಂದು ಬ್ಲಾಕು ಜಾರಿ, ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡ್ ಒಳಕ್ಕೆ ಬಾಗಿತ್ತು. ಕೆಲವು ನಟ್ಟುಗಳು ಮೋರಿಯ ಅಂಚಿನಲ್ಲಿ ಚೆಲ್ಲಿದ್ದವು. ಬಾಗಿಲು ತೆರೆದರೆ ಬೀದಿಗೆಲ್ಲ ಕೇಳುವ ಹಾಗೆ ಕೂಗುವ ಅಲಾರಂ ಆ ರಾತ್ರಿ ತುಟಿಪಿಟಕ್ಕೆನ್ನಲಿಲ್ಲ. ಜಾಕ್ ಕೊಟ್ಟು ಎತ್ತಿದ್ದನ್ನು ಗುರುತಿಸುವ ಸೆನ್ಸರ್ ನಮ್ಮಲ್ಲಿ ಓಡಾಡುವ ಸಾಮಾನ್ಯ ಕಾರುಗಳಲ್ಲಿ ಇರುವುದಿಲ್ಲ.

ಬಿಲ್ಲು ಹೀಗೆ. ಅಲಾಯ್ ಒಂದಕ್ಕೆ 14,500, ನಾಲ್ಕಕ್ಕೆ 58,000 ರೂಪಾಯಿ. ಟೈರ್ ಒಂದಕ್ಕೆ 10,000, ನಾಲ್ಕಕ್ಕೆ 40,000. ರನ್ನಿಂಗ್ ಬೋರ್ಡ್ ಟಿಂಕರಿಂಗ್, ಪೇಂಟು, ಬ್ರೇಕ್ ಡಿಸ್ಕಿನ ಹಿಂದಿನ ತಗಡು ಎಲ್ಲ ಸೇರಿ 9,000. ನಟ್ಟು, ವಾಲ್ವು, ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ 3,000. ಒಟ್ಟು 1,10,000.

ಸರ್ವೇಯರ್ ಬಂದರು. ಸಭ್ಯ ಮನುಷ್ಯ, ಕೈಯಲ್ಲಿ ಕೆಂಪು ಪೆನ್ನು. ಅಲಾಯ್ ಲೋಹದ್ದು, ಕಾರಿಗೆ ಮೂರರಿಂದ ನಾಲ್ಕು ವರ್ಷ, ಹಾಗಾಗಿ 25 ಪರ್ಸೆಂಟ್ ಡೆಪ್ರಿಸಿಯೇಷನ್: 58,000 ಹೋಗಿ 43,500 ಆಯಿತು. ಟೈರಿನ ಸಾಲಿಗೆ ಬಂದವರು ಮೊದಲು ಇಡೀ ಸಾಲನ್ನೇ ಹೊಡೆದುಹಾಕಿದರು. ವಾಹನಕ್ಕೂ ಅದೇ ಹೊತ್ತಿನಲ್ಲಿ ಹಾನಿಯಾಗಿದ್ದರೆ ಮಾತ್ರ ಟೈರು-ಟ್ಯೂಬಿನ ಹಾನಿಗೆ ದುಡ್ಡು, ಅದೂ ಬದಲಿ ಬೆಲೆಯ ಅರ್ಧ ಎಂದು ಪಾಲಿಸಿಯಲ್ಲಿ ಒಂದು ವಾಕ್ಯವಿದೆ. ಅದು ಟೈರು ಹಾಳಾಗುವುದಕ್ಕೆ ಬರೆದ ವಾಕ್ಯ, ಕಳವಿಗಲ್ಲ ಎಂದು ನಾನು. ಎರಡಕ್ಕೂ ಅನ್ವಯ ಎಂದು ಅವರು. ಕೊನೆಗೆ ಆ ಬಾಗಿದ ರನ್ನಿಂಗ್ ಬೋರ್ಡೇ ಕೈಹಿಡಿಯಿತು. ವಾಹನಕ್ಕೂ ಹಾನಿಯಾಗಿದೆಯಲ್ಲ ಎಂದು ತೋರಿಸಿದ ಮೇಲೆ 20,000 ಬರೆದರು. ಕಳ್ಳರು ಸ್ವಲ್ಪ ನಾಜೂಕಾಗಿ ಕೆಲಸ ಮಾಡಿದ್ದರೆ ಅದೂ ಇಲ್ಲ. ಟಿಂಕರಿಂಗಿನ 9,000ದಲ್ಲಿ ಪೇಂಟಿನ ಪಾಲು 800 ಕಳೆದರು. ನಟ್ಟು-ವಾಲ್ವಿನ 3,000 ಪೂರ್ತಿ ಹೋಯಿತು, ಕನ್ಸ್ಯೂಮಬಲ್ಸ್ ಅಂತೆ. ಕಂಪಲ್ಸರಿ ಡಿಡಕ್ಟಿಬಲ್ 1,000. ಕೈಗೆ ಬಂದದ್ದು 70,700. ಜೇಬಿನಿಂದ ಹೋದದ್ದು 39,300.

ಇಲ್ಲಿಗೆ ಲೆಕ್ಕ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ನಿಜವಾದ ಲೆಕ್ಕ ಶುರುವಾಗುವುದು ರಿನ್ಯೂವಲ್ ದಿನ.

ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿಗೆ ನೋ ಕ್ಲೇಮ್ ಬೋನಸ್, ಅಂದರೆ ಎನ್‌ಸಿಬಿ ಎನ್ನುತ್ತಾರೆ. ಆಗ ನನಗೆ 35 ಪರ್ಸೆಂಟ್ ಎನ್‌ಸಿಬಿ ನಡೆಯುತ್ತಿತ್ತು. ಕ್ಲೇಮ್ ಇಲ್ಲದಿದ್ದರೆ ಮರುವರ್ಷ 45, ಆಮೇಲೆ 50, ಅಲ್ಲಿಂದ ಮುಂದೆ 50ರಲ್ಲೇ ನಿಲ್ಲುತ್ತಿತ್ತು. ಕ್ಲೇಮ್ ಮಾಡಿದ್ದರಿಂದ ಮರುವರ್ಷ ಸೊನ್ನೆ. ಆಮೇಲೆ 20, 25, 35, 45 ಎಂದು ಮತ್ತೆ ಕೆಳಗಿನಿಂದ ಹತ್ತಬೇಕು. ಎರಡು ಸಾಲನ್ನೂ ಪಕ್ಕಪಕ್ಕ ಬರೆಯಿರಿ. ಮೊದಲ ವರ್ಷ 45ರ ವ್ಯತ್ಯಾಸ, ಎರಡನೇ ವರ್ಷ 30, ಮೂರನೇ ವರ್ಷ 25, ನಾಲ್ಕನೇ ವರ್ಷ 15, ಐದನೇ ವರ್ಷ 5. ಆರನೇ ವರ್ಷಕ್ಕೆ ಎರಡೂ ಸಮ. ಒಂದು ರಾತ್ರಿಯ ಕಳವಿಗೆ ಐದು ರಿನ್ಯೂವಲ್‌ಗಳಲ್ಲಿ ಕಂತು ಕಟ್ಟುತ್ತೇವೆ.

ಈಗ ರೂಪಾಯಿಗೆ ಇಳಿಸೋಣ. ಎನ್‌ಸಿಬಿ ಓನ್ ಡ್ಯಾಮೇಜ್ ಭಾಗಕ್ಕೆ ಮಾತ್ರ, ಥರ್ಡ್ ಪಾರ್ಟಿಗೆ ಇಲ್ಲ. ನನ್ನ ಓಡಿ ಪ್ರೀಮಿಯಂ ರಿಯಾಯಿತಿಗೆ ಮುಂಚೆ 18,000. ಕಾರಿನ ವಿಮಾ ಮೌಲ್ಯ, ಅಂದರೆ ಐಡಿವಿ, ಇಳಿದಂತೆ ಅದೂ ಇಳಿಯುತ್ತದೆ, ಹಾಗಾಗಿ ಮುಂದಿನ ವರ್ಷಗಳಿಗೆ 16,500, 15,000, 13,500, 12,500 ಎಂದು ಹಿಡಿದಿದ್ದೇನೆ. 18,000ಕ್ಕೆ 45 ಪರ್ಸೆಂಟ್ 8,100. 16,500ಕ್ಕೆ 30 ಪರ್ಸೆಂಟ್ 4,950. 15,000ಕ್ಕೆ 25 ಪರ್ಸೆಂಟ್ 3,750. 13,500ಕ್ಕೆ 15 ಪರ್ಸೆಂಟ್ 2,025. 12,500ಕ್ಕೆ 5 ಪರ್ಸೆಂಟ್ 625. ಕೂಡಿಸಿದರೆ 19,450. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. 2025ರ ಸೆಪ್ಟೆಂಬರಿನಲ್ಲಿ ಆರೋಗ್ಯ ವಿಮೆಗೆ ಸಿಕ್ಕ ಮಾಫಿ ವಾಹನ ವಿಮೆಗೆ ಸಿಗಲಿಲ್ಲ. ಒಟ್ಟು 22,951.

ಅಂದರೆ ಕ್ಲೇಮ್ ಮಾಡುವುದಕ್ಕೇ ನನಗೆ ತಗಲುವ ಖರ್ಚು ಹತ್ತಿರ ಹತ್ತಿರ 23,000. ಬಂದದ್ದು 70,700 ಆದ್ದರಿಂದ ಕ್ಲೇಮ್ ಮಾಡಿದ್ದು ಸರಿಯೇ. ಆದರೆ ಜೇಬಿನಿಂದ ಹೋದ 39,300ಕ್ಕೆ ಇದನ್ನು ಸೇರಿಸಿ: 62,251. ಫುಲ್ ಇನ್ಶೂರೆನ್ಸ್ ಇದ್ದು, ಕ್ಲೇಮ್ ಮಂಜೂರಾಗಿ, ದುಡ್ಡು ಖಾತೆಗೆ ಬಿದ್ದ ಮೇಲೂ ಆಗುವ ನಷ್ಟ ಇದು.

ಇದೇ ಲೆಕ್ಕದಲ್ಲಿ ಒಂದೇ ಚಕ್ರ ಹಾಕಿ ನೋಡಿ. ಅಲಾಯ್ 14,500ಕ್ಕೆ 10,875. ಟೈರಿಗೆ, ಅವರು ಕೊಟ್ಟರೆ, 5,000. ಡಿಡಕ್ಟಿಬಲ್ 1,000 ಕಳೆದರೆ ಸಿಗುವುದು 14,875. ಅದಕ್ಕಾಗಿ ಬಿಟ್ಟುಕೊಡುವುದು 22,951. ಎಂಟು ಸಾವಿರ ರೂಪಾಯಿಯನ್ನು ಕೈಯಾರೆ ಕಂಪನಿಗೆ ಕೊಟ್ಟು ಥ್ಯಾಂಕ್ಸ್ ಹೇಳಿ ಬಂದ ಹಾಗೆ. ಎರಡು ಚಕ್ರಕ್ಕೆ 30,750 ಸಿಗುತ್ತದೆ; ಉಳಿಯುವುದು 7,799. ಪೊಲೀಸು, ಸರ್ವೇಯರು, ವರ್ಕ್‌ಶಾಪು ಎಂದು ಓಡಾಡುವ ಆಯಾಸಕ್ಕೆ ಅದು ಸಾಕೇ ಎಂಬುದು ಅವರವರ ಇಷ್ಟ. ನಿಮ್ಮ ಎನ್‌ಸಿಬಿ ಈಗ 20ರಲ್ಲಿದ್ದರೆ ಲೆಕ್ಕ ಸ್ವಲ್ಪ ಮೆತ್ತಗಾಗುತ್ತದೆ. 50ರಲ್ಲಿದ್ದರೆ ಇನ್ನೂ ಕಠಿಣ. ಎನ್‌ಸಿಬಿ ಪ್ರೊಟೆಕ್ಟ್ ತೆಗೆದುಕೊಂಡಿದ್ದರೆ ಮಾತೇ ಬೇರೆ. ಮುಂದಿನ ಐದು ವರ್ಷದಲ್ಲಿ ಹೇಗೂ ಒಮ್ಮೆ ಗುದ್ದಿಸಿಕೊಂಡು ಕ್ಲೇಮಿಗೆ ಹೋಗುವವರು ನೀವಾದರೆ ಈ ಎಚ್ಚರಿಕೆಯೆಲ್ಲ ವ್ಯರ್ಥ, ಆದರೆ ಹಾಗೆಂದು ಯಾರೂ ಮುಂಚೆಯೇ ಒಪ್ಪಿಕೊಳ್ಳುವುದಿಲ್ಲ. ಅಕ್ಕನ ಮಗನ ಕ್ಲೇಮ್ ಇನ್ನೂ ಮಂಜೂರಾಗಿರಲಿಲ್ಲ. ದುಡ್ಡು ಬರುವ ಮುಂಚೆಯೇ ಕ್ಲೇಮ್ ವಾಪಸ್ ತೆಗೆದುಕೊಳ್ಳುತ್ತೇನೆಂದು ಬರೆದುಕೊಡು, ಎನ್‌ಸಿಬಿ ಹಾಗೇ ಉಳಿಸುವುದಾಗಿ ಅವರಿಂದಲೂ ಬರೆಸಿಕೋ ಎಂದೆ. “ಏಜೆಂಟ್ರಿಗೆ ಬೇಜಾರಾಗುತ್ತೇನೋ” ಎಂದ.

ಏಜೆಂಟರ ಬೇಜಾರಿನ ಮಾತು ಬಂತು, ಟೈರ್ ಪ್ರೊಟೆಕ್ಟ್ ಬಗ್ಗೆಯೂ ಹೇಳಿಬಿಡುತ್ತೇನೆ. ಕಳವಾದ ವರ್ಷ ನಾನು ಜೀರೋ ಡೆಪ್ ಬಿಟ್ಟು ಟೈರ್ ಕವರ್ ಇಟ್ಟುಕೊಂಡಿದ್ದೆ. ನಮ್ಮ ರಸ್ತೆಗಳ ಗುಂಡಿಗಳಿಗೆ ಅದೇ ಸರಿ ಎಂದು ಶೋರೂಂನ ಇನ್ಶೂರೆನ್ಸ್ ಡೆಸ್ಕಿನವರು ಒಪ್ಪಿಸಿದ್ದರು. ಜೀರೋ ಡೆಪ್ ಇದ್ದಿದ್ದರೆ ಅಲಾಯ್‌ಗಳಲ್ಲಿ ಕಡಿದ 14,500 ಉಳಿಯುತ್ತಿತ್ತು. ಟೈರ್ ಕವರ್ ಕೊಟ್ಟದ್ದು ಸೊನ್ನೆ. ಟೈರ್ ಹೆಸರಿನ ಈ ಆಡ್-ಆನ್‌ಗಳ ಒಕ್ಕಣೆ ಓದಿ. ಉಬ್ಬು ಬಂದರೆ ಉಂಟು, ಕೊಯ್ದುಹೋದರೆ ಉಂಟು, ಸಿಡಿದರೆ ಉಂಟು. ಕೆಳಗೆ ಹೊರತುಗಳ ಪಟ್ಟಿಯಲ್ಲಿ ಸಣ್ಣಕ್ಷರದಲ್ಲಿ ಒಂದು ಸಾಲು ಇರುತ್ತದೆ: ವಾಹನ ಕಳವಾಗದೆ ಬರೀ ಟೈರೋ ರಿಮ್ಮೋ ಕಳವಾದರೆ ಇಲ್ಲ. ಮತ್ತೆ ಉಬ್ಬು ಬಂದಾಗಲೂ ಟ್ರೆಡ್ ಎಷ್ಟು ಮಿಲಿಮೀಟರ್ ಉಳಿದಿದೆ ಎಂದು ಅಳೆದು, ಸವೆದಷ್ಟು ಕಡಿದು ಕೊಡುತ್ತಾರೆ. ಟೈರು ಹೊಸದಿದ್ದಾಗ ಕೆಡುವುದು ಅಪರೂಪ, ಹಳತಾದಾಗ ಕೆಟ್ಟರೆ ಸಿಗುವುದು ಚಿಲ್ಲರೆ. ಇದನ್ನು ಕೊಳ್ಳುವವರು ಯಾರು ಎಂದು ಕೇಳಿದರೆ, ಕಾರಿನ ಡೆಲಿವರಿ ದಿನ ಹೂವಿನ ಹಾರ, ಕೇಕು, ಫೋಟೋದ ಗಡಿಬಿಡಿಯಲ್ಲಿ ತೋರಿಸಿದ ಕಡೆ ಸೈನ್ ಹಾಕುವ ನಾವೇ. ರಿಟರ್ನ್ ಟು ಇನ್ವಾಯ್ಸ್ ಇದೆಯಲ್ಲ ಎಂದು ಹಿಗ್ಗುವವರಿಗೂ ಒಂದು ಮಾತು: ಅದು ಇಡೀ ಕಾರೇ ಹೋದರೆ ಅಥವಾ ಪೂರ್ತಿ ಜಖಂ ಆದರೆ. ಹೊರಗೆ ಹಾಕಿಸಿದ ಅಲಾಯ್ ಆದರೆ ಪಾಲಿಸಿಯಲ್ಲಿ ಬರೆಸಿದ್ದೀರಾ ಎಂದು ಈಗಲೇ ನೋಡಿ.

ಹಾಗಾದರೆ ದುಡ್ಡು ಎಲ್ಲಿ ಹಾಕಬೇಕು? ವೀಲ್ ಲಾಕ್ ನಟ್ಟಿನಲ್ಲಿ. ಒಂದು ಸೆಟ್ಟಿನಲ್ಲಿ ನಾಲ್ಕು ನಟ್ಟು, ಒಂದು ಕೀ. ಚಕ್ರಕ್ಕೆ ಒಂದರಂತೆ ಮಾಮೂಲಿ ನಟ್ಟು ತೆಗೆದು ಇದನ್ನು ಹಾಕುತ್ತಾರೆ. ತಲೆಯ ಮೇಲೆ ಹೂವಿನಂಥ ಒಂದು ಗೆರೆ ಕೊರೆದಿರುತ್ತದೆ. ಆ ಕೀ ಕೂತರೆ ಮಾತ್ರ ತಿರುಗುತ್ತದೆ. ನಾನು ಕೊಟ್ಟದ್ದು 2,600. ಅಗ್ಗದ ನಟ್ಟುಗಳ ಮೇಲೆ ಸಣ್ಣ ಸಾಕೆಟ್ಟನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸಿ ತಿರುಗಿಸಿಬಿಡುತ್ತಾರೆ. ಹೊರಗಿನ ಉಂಗುರ ತನ್ನಷ್ಟಕ್ಕೆ ಸುತ್ತುವ ನಮೂನೆಯದಾದರೆ ಸಾಕೆಟ್ಟಿಗೆ ಹಿಡಿತ ಸಿಗುವುದಿಲ್ಲ. ಹಟ ಹಿಡಿದ ಕಳ್ಳನಿಗೆ ಅದಕ್ಕೂ ಉಪಾಯ ಗೊತ್ತು, ಆದರೆ ಸದ್ದಾಗುತ್ತದೆ, ಹೊತ್ತು ಹಿಡಿಯುತ್ತದೆ, ಪಕ್ಕದ ರಸ್ತೆಯಲ್ಲಿ ಲಾಕ್ ಇಲ್ಲದ ಕಾರು ನಿಂತೇ ಇರುತ್ತದೆ. ಕೊಳ್ಳುವಾಗ ಗಾತ್ರ ಕೇಳಿ. ಮಾರುತಿಗೆ ಸಾಮಾನ್ಯವಾಗಿ 12 ಮಿಲಿಮೀಟರ್, 1.25 ಪಿಚ್ಚು, ಹ್ಯುಂಡೈಗೆ 12 ಮತ್ತು 1.5, ಫೋಕ್ಸ್‌ವ್ಯಾಗನ್, ಸ್ಕೋಡಾಗಳಲ್ಲಿ ನಟ್ಟೇ ಅಲ್ಲ, 14 ಮಿಲಿಮೀಟರಿನ ಬೋಲ್ಟು. ಬುಡ ಕೋನದ್ದೋ ಗುಂಡಗಿನದೋ ಎಂಬುದೂ ರಿಮ್ಮಿಗೆ ಹೊಂದಬೇಕು, ಇಲ್ಲದಿದ್ದರೆ ಓಡುತ್ತಾ ಓಡುತ್ತಾ ಚಕ್ರ ಸಡಿಲಾಗುತ್ತದೆ. ಕೀಯ ಕೋಡ್ ನಂಬರನ್ನು ಮನೆಯಲ್ಲಿ ಬರೆದಿಡಿ. ಪಂಕ್ಚರ್ ಅಂಗಡಿಯ ಹುಡುಗ ಗಾಳಿಗನ್ನು ಹಿಡಿದು ಬಂದರೆ ತಡೆಯಿರಿ. ಲಾಕ್ ನಟ್ಟನ್ನು ಕೈ ಪಾನಾದಲ್ಲೇ ಬಿಚ್ಚಬೇಕು, ಗನ್ನು ತಗಲಿದರೆ ಕೀಯ ಗೆರೆ ಮುರಿಯುತ್ತದೆ.

ಇನೋವಾ, ಎರ್ಟಿಗಾದವರಿಗೆ ಸ್ಟೆಪ್ನಿಯ ಚಿಂತೆ ಬೇರೆ. ಅದು ಹಿಂದುಗಡೆ ಹೊಟ್ಟೆಯ ಕೆಳಗೆ ತೂಗುತ್ತಿರುತ್ತದೆ. ಟೂಲ್ ಕಿಟ್ಟಿನ ಕಂಬಿಯಂಥದ್ದೊಂದಿದ್ದರೆ ಇಳಿಸಿಕೊಂಡು ಹೋಗಬಹುದು. ಅದಕ್ಕೂ ಲಾಕ್ ಸಿಗುತ್ತದೆ, ಹಾಕಿಸಿ.

ನಟ್ಟಿಗಿಂತ ಮೊದಲು ಬರಬೇಕಾದ ಮಾತು ಒಂದಿದೆ, ಅದನ್ನು ಹೇಳಿದರೆ ಓದುಗರಿಗೆ ಸಿಟ್ಟು ಬರುತ್ತದೆ. ನಮ್ಮ ಬಡಾವಣೆಗಳಲ್ಲಿ 30x40 ಸೈಟಿನ ಪ್ಲಾನಿನಲ್ಲಿ ಪಾರ್ಕಿಂಗ್ ಎಂದು ತೋರಿಸಿದ ಜಾಗ ಆಮೇಲೆ ರೂಮಾಗುತ್ತದೆ, ಅಂಗಡಿಯಾಗುತ್ತದೆ. ತಿಂಗಳಿಗೆ ಒಂಬತ್ತೋ ಹತ್ತೋ ಸಾವಿರ ಬಾಡಿಗೆ. ಹದಿನೈದು ಲಕ್ಷದ ಕಾರು ಬೀದಿಯಲ್ಲಿ. ಬಾಡಿಗೆಯ ಆಸೆ ತಪ್ಪೆನ್ನುವುದಿಲ್ಲ, ನಮ್ಮ ಮನೆಯ ಕೆಳಗೂ ಒಂದು ಟೈಲರ್ ಅಂಗಡಿ ಇದೆ. ಆದರೆ ಆ ಬಾಡಿಗೆಯಿಂದ ಕ್ಯಾಮೆರಾಕ್ಕೆ, ನಟ್ಟಿಗೆ, ಗೇಟಿನ ಮುಂದಿನ ಲೈಟಿಗೆ ಒಂದು ಪಾಲು ತೆಗೆದಿಡುವವರನ್ನು ನಾನು ಕಂಡಿಲ್ಲ. ಸಾಲ ಮಾಡಿ ಟಾಪ್ ಮಾಡೆಲ್ ಕೊಳ್ಳುತ್ತೇವೆ, ಡೈಮಂಡ್ ಕಟ್ ಅಲಾಯ್ ಎಂದು ಹೆಮ್ಮೆಪಡುತ್ತೇವೆ, ಎರಡು ಸಾವಿರದ ನಟ್ಟಿಗೆ ಚೌಕಾಸಿ ಮಾಡುತ್ತೇವೆ. ಬೀದಿಯಲ್ಲೇ ನಿಲ್ಲಿಸುವುದಾದರೆ ಒಂದು ಬದಿ ಗೋಡೆಗೆ ಒತ್ತಿ ನಿಲ್ಲಿಸಿ, ಸ್ಟೇರಿಂಗ್ ಪೂರ್ತಿ ತಿರುಗಿಸಿ ಮುಂದಿನ ಚಕ್ರ ಒಳಮುಖ ಮಾಡಿ. ಪಾನಾ ಹಾಕುವವನಿಗೆ ಇಕ್ಕಟ್ಟಾಗುತ್ತದೆ. ಕಾಸು ಖರ್ಚಿಲ್ಲ.

ಕ್ಲೇಮ್ ಮಾಡಿ, ಬಿಡಿ, ಪೊಲೀಸ್ ದೂರಂತೂ ಕೊಡಿ. ಇ-ಲಾಸ್ಟ್‌ನಲ್ಲಿ ಹಾಕಿ ಸಾಕು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅದು ಪರ್ಸು, ಮಾರ್ಕ್ಸ್ ಕಾರ್ಡ್ ಕಳೆದುಕೊಂಡವರಿಗೆ. ಇದು ಕಳವು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ. ಎಫ್‌ಐಆರ್ ಪ್ರತಿ ದೂರುದಾರರಿಗೆ ಬಿಟ್ಟಿ ಕೊಡಬೇಕು. ಕಾರು ಅಲ್ಲಾಡಿಸುವ ಮುಂಚೆ ಎಲ್ಲ ಬದಿಯಿಂದ ಫೋಟೋ ತೆಗೆಯಿರಿ, ಬಾಗಿದ ತಗಡಿನದನ್ನು ಹತ್ತಿರದಿಂದ. ಅದೊಂದು ಫೋಟೋ ನನಗೆ 20,000 ತಂದಿತು.

ಹೊಸ ಅಲಾಯ್ ಬೆಲೆ ಕೇಳಿ ಎದೆ ಒಡೆದುಕೊಂಡಾಗ ಪರಿಚಯದವರೊಬ್ಬರು ಹಳೆ ಮಾಲಿನ ಅಂಗಡಿಯೊಂದರ ನಂಬರ್ ಕೊಟ್ಟರು. ಅದೇ ಡಿಸೈನು, ಟೈರು ಸಮೇತ ನಾಲ್ಕಕ್ಕೆ 35,000. ಐದು ತೂತು, 114.3 ಮಿಲಿಮೀಟರ್ ಪಿಸಿಡಿ. ಎಷ್ಟೋ ಕಂಪನಿಗಳ ಕಾರಿಗೆ ಕೂರುವ ಅಳತೆ. ಕಳ್ಳಮಾಲಿಗೆ ಗಿರಾಕಿ ಸಿಗುವುದು ಅದಕ್ಕೇ. ದೊಡ್ಡ ಅಲಾಯ್ ಹಾಕಿಸಿಕೊಂಡವರು ಬಿಚ್ಚಿ ಮಾರಿದ ಅಸಲಿ ಮಾಲೂ ಇಂಥ ಅಂಗಡಿಗಳಲ್ಲಿ ಇರುತ್ತದೆ, ಇಲ್ಲವೆನ್ನಲಾರೆ. ಬಿಲ್ ಕೊಡ್ತೀರಾ ಎಂದೆ. “ಬಿಲ್ ಬೇಕಾದ್ರೆ ಶೋರೂಂಗೇ ಹೋಗಿ ಸಾರ್” ಎಂದ. ಕದ್ದ ಮಾಲೆಂದು ಗೊತ್ತಿದ್ದು ಕೊಂಡರೆ ಅದೇ ಸಂಹಿತೆಯ 317ನೇ ಕಲಂ ಇದೆ. ಅದು ಹಾಗಿರಲಿ, ಬಿಲ್ಲಿಲ್ಲದ ಚಕ್ರಕ್ಕೆ ಸರ್ವೇಯರ್ ಒಂದು ಪೈಸೆಯನ್ನೂ ಬರೆಯುವುದಿಲ್ಲ.