ಕಾರನ್ನು ತಡೆದ ಗಿಯರುಪೆಟ್ಟಿಗೆ

2006ನೆಯ ಇಸವಿಯ ಜುಲೈ ತಿಂಗಳಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನದ ಸಾಂಟ ಮೋನಿಕ ಎಂಬಲ್ಲಿ, ಮೂರು ವರ್ಷಗಳ ಹಿಂದೆಯಷ್ಟೇ ಹುಟ್ಟಿದ್ದ ಒಂದು ಪುಟ್ಟ ಕಂಪೆನಿಯು ತನ್ನ ಚೊಚ್ಚಲ ಕಾರನ್ನು ಜನರ ಮುಂದೆ ನಿಲ್ಲಿಸಿತು. ಅದು ಇಬ್ಬರು ಕುಳಿತುಕೊಳ್ಳುವ ಸ್ಪೋರ್ಟ್ಸ್ ಕಾರು. ಅದಕ್ಕೆ ಒಂದು ಹನಿ ಪೆಟ್ರೋಲೂ ಬೇಡ, ವಿದ್ಯುತ್ತಿನಿಂದಲೇ ಓಡತಕ್ಕದ್ದು. ನಿಂತಲ್ಲಿಂದ ಹೊರಟು ಸುಮಾರು ನಾಲ್ಕು ಸೆಕೆಂಡುಗಳಲ್ಲಿ ಗಂಟೆಗೆ 97 ಕಿಲೋಮೀಟರು, ಅಂದರೆ ಅಲ್ಲಿಯವರ ಲೆಕ್ಕದ 60 ಮೈಲಿ ವೇಗವನ್ನು ಮುಟ್ಟುವುದೆಂದೂ, ಗರಿಷ್ಠ ವೇಗ ಗಂಟೆಗೆ 200 ಕಿಲೋಮೀಟರನ್ನು ಮೀರುವುದೆಂದೂ ಮಾತು ಕೊಡಲಾಯಿತು. ಮೊದಲ ನೂರು ಮಂದಿ ಗಿರಾಕಿಗಳು ತಲಾ ಒಂದು ಲಕ್ಷ ಡಾಲರುಗಳನ್ನು ಮುಂಗಡವಾಗಿಯೇ ತೆತ್ತರು. ಕಂಪೆನಿಯ ಹೆಸರು ಟೆಸ್ಲ ಮೋಟಾರ್ಸ್. ಕಾರಿನ ಹೆಸರು ರೋಡ್‌ಸ್ಟರ್.

ಕಾರುಗಳು ಬರಬೇಕಾಗಿದ್ದುದು 2007ರಲ್ಲಿ. ಆ ವರ್ಷ ಒಂದೂ ಬರಲಿಲ್ಲ. ಮೊದಲನೆಯದು 2008ರ ಫೆಬ್ರವರಿಯಲ್ಲಿ ಕಂಪೆನಿಯ ಅಧ್ಯಕ್ಷ ಎಲಾನ್ ಮಸ್ಕ್ ಅವರ ಕೈಸೇರಿತು. ಕ್ರಮವಾದ ತಯಾರಿಕೆ ಮಾರ್ಚ್ 17ರಂದು ಮೊದಲಾಯಿತು. ಹಾಗೆ ಬಂದ ಕಾರುಗಳಾದರೂ ಕೊಟ್ಟ ಮಾತಿಗೆ ತಕ್ಕವಾಗಿರಲಿಲ್ಲ. ಈಗ ಆ ಕಂಪೆನಿ ಲೋಕಪ್ರಸಿದ್ಧವಾಗಿದೆ. ಆಗ ಅದರ ಉಳಿವೇ ಸಂದೇಹದಲ್ಲಿತ್ತು. ಈ ವಿಳಂಬಕ್ಕೆ ಕಾರಣಗಳು ಹಲವು. ಅವುಗಳಲ್ಲಿ ನಮ್ಮ ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಿ ತಿಳಿಯಬಹುದಾದ ಒಂದನ್ನು ಇಲ್ಲಿ ಪರಿಶೀಲಿಸೋಣ.

ಮದುವೆಯ ಮನೆಯ ಪಂಕ್ತಿಯನ್ನು ನೆನೆಯಿರಿ. ಎಲೆ ಹಾಕಿದೆ, ಉಪ್ಪು ಉಪ್ಪಿನಕಾಯಿ ಕೋಸಂಬರಿ ಪಲ್ಯಗಳೆಲ್ಲ ಬಂದಿವೆ. ಅನ್ನ ಮಾತ್ರ ಇನ್ನೂ ಬೆಂದಿಲ್ಲ. ಊಟ ಯಾವಾಗ? ಅನ್ನ ಬಂದಾಗ. ಮಿಕ್ಕವು ಎಷ್ಟು ಬೇಗ ಬಂದಿದ್ದರೂ ಪ್ರಯೋಜನವಿಲ್ಲ. ಯಂತ್ರದ ಜೋಡಣೆಯೂ ಹೀಗೆಯೇ. ಬಿಡಿಭಾಗಗಳು ಬಂದು ಸೇರುವ ಸರಾಸರಿ ಕಾಲದಿಂದ ಕಾರು ಸಿದ್ಧವಾಗುವ ದಿನವನ್ನು ಹೇಳಲಾಗದು. ಎಲ್ಲಕ್ಕೂ ಕೊನೆಗೆ ಬರುವ ಭಾಗವೇ ಅದನ್ನು ಗೊತ್ತುಮಾಡುತ್ತದೆ. ನೂರು ಭಾಗಗಳಿವೆ ಎನ್ನೋಣ. ಪ್ರತಿಯೊಂದೂ ಹೊತ್ತಿಗೆ ಸರಿಯಾಗಿ ಬರುವ ಸಂಭವನೀಯತೆ 0.99 ಇರಲಿ. ಇದಕ್ಕಿಂತ ನಂಬಿಕೆಯ ಸರಬರಾಜುಗಾರರು ಎಲ್ಲಿ ಸಿಕ್ಕಾರು? ಆದರೂ ನೂರೂ ಒಟ್ಟಿಗೆ ಹೊತ್ತಿಗೆ ಬರುವ ಸಂಭವನೀಯತೆ 0.99ರ ನೂರನೆಯ ಘಾತ, ಅಂದರೆ ಸುಮಾರು 0.37. ಮೂರು ಸಲಕ್ಕೆ ಎರಡು ಸಲ ಏನೋ ಒಂದು ತಡವಾಗಿಯೇ ತೀರುತ್ತದೆ.

ರೋಡ್‌ಸ್ಟರಿನ ಭಾಗಗಳಾದರೋ ಮೂರು ಖಂಡಗಳಿಂದ ಬರುತ್ತಿದ್ದವು. ಚೌಕಟ್ಟನ್ನು ಇಂಗ್ಲೆಂಡಿನ ಹೆಥೆಲ್ ಎಂಬಲ್ಲಿ ಲೋಟಸ್ ಕಂಪೆನಿ ಜೋಡಿಸುತ್ತಿತ್ತು. ಇಂಗಾಲದ ಎಳೆಗಳಿಂದ ಮಾಡಿದ ಮೈಹಲಗೆಗಳು ಫ್ರಾನ್ಸಿನವು, ಮೋಟಾರು ತೈವಾನಿನದು. ಬೆರಳುಗಾತ್ರದ 6,831 ಲಿಥಿಯಂ ಅಯಾನ್ ಕೋಶಗಳನ್ನು ಸೇರಿಸಿ ಮಾಡಿದ ಬ್ಯಾಟರಿ ಕ್ಯಾಲಿಫೋರ್ನಿಯದಲ್ಲಿ ಸಿದ್ಧವಾಗುತ್ತಿತ್ತು. ದೊಡ್ಡ ಕಾರ್ಖಾನೆಯಾದರೆ ಸರಬರಾಜುಗಾರನನ್ನು ಗದರಿಸಿ ಕೆಲಸ ಮಾಡಿಸಿಕೊಂಡೀತು. ವರ್ಷಕ್ಕೆ ಕೆಲವು ನೂರು ಭಾಗಗಳನ್ನು ಕೇಳುವವನ ಮಾತಿಗೆ ಬೆಲೆಯೆಷ್ಟು? 2007ರ ಹೊತ್ತಿಗೆ ಈ ಕಾರಿನ ಪಂಕ್ತಿಯಲ್ಲಿ ಬಾರದೆ ಉಳಿದ ಅನ್ನವೆಂದರೆ ಗಿಯರುಪೆಟ್ಟಿಗೆ.

ಇಲ್ಲಿ ಓದುಗರಿಗೆ ಒಂದು ಸಂದೇಹ ಬಾರದಿರದು. ಪೆಟ್ರೋಲ್ ಯಂತ್ರಕ್ಕೆ ಹಲವು ಗಿಯರುಗಳು ಬೇಕು. ಏಕೆಂದರೆ ನಿಧಾನವಾಗಿ ತಿರುಗುವಾಗ ಅದಕ್ಕೆ ಕಸುವಿಲ್ಲ, ತೀರ ನಿಧಾನವಾದರೆ ನಿಂತೇಹೋಗುತ್ತದೆ. ವಿದ್ಯುತ್ ಮೋಟಾರು ಅಂಥದಲ್ಲ. ರೋಡ್‌ಸ್ಟರಿನಲ್ಲಿದ್ದುದು ಮೂರು ಫೇಸಿನ ಪ್ರೇರಣ ಮೋಟಾರು. ಇದರ ಮೂಲತತ್ತ್ವಕ್ಕಾಗಿಯೇ ನಿಕೋಲ ಟೆಸ್ಲ 1888ರಲ್ಲಿ ಪೇಟೆಂಟ್ ಪಡೆದದ್ದು. ಅದನ್ನು ತಕ್ಕಂತೆ ನಿಯಂತ್ರಿಸಿದರೆ ನಿಂತಲ್ಲಿಂದಲೇ ಪೂರ್ಣ ತಿರುಗುಬಲವನ್ನು ಕೊಡುತ್ತದೆ. ಬಲವನ್ನು, ಅಕ್ಷದಿಂದ ಅದು ಇರುವ ದೂರದಿಂದ ಗುಣಿಸಿದರೆ ಬರುವುದನ್ನು ನಾವಿಲ್ಲಿ ತಿರುಗುಬಲ ಎನ್ನುತ್ತಿದ್ದೇವೆ. ಹಾಗಾದರೆ ಗಿಯರು ಬದಲಾಯಿಸುವ ಗೋಜೇಕೆ?

ಕೊಟ್ಟ ಮಾತು ಎರಡಾಗಿದ್ದುದೇ ಇದಕ್ಕೆ ಕಾರಣ. ರೋಡ್‌ಸ್ಟರಿನ ಹಿಂದಿನ ಚಕ್ರದ ಸುತ್ತಳತೆ ಸುಮಾರು 2 ಮೀಟರು. ಮೋಟಾರು ಮಿನಿಟಿಗೆ ಹೆಚ್ಚೆಂದರೆ 14,000 ಸುತ್ತು ತಿರುಗಬಲ್ಲದು. ಮೋಟಾರು 12 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ತಿರುಗುವಂತೆ ಹಲ್ಲುಗಾಲಿಗಳನ್ನು ಜೋಡಿಸಿದೆವೆನ್ನೋಣ. ಚಕ್ರಕ್ಕೆ ಹನ್ನೆರಡು ಪಟ್ಟು ತಿರುಗುಬಲ ದೊರೆತು ಕಾರು ಜಿಗಿದು ಹೊರಡುತ್ತದೆ. ಆದರೆ ಚಕ್ರ ಮಿನಿಟಿಗೆ 1,167 ಸುತ್ತಿಗಿಂತ ಹೆಚ್ಚು ತಿರುಗಲಾರದು. ವೇಗ ಗಂಟೆಗೆ 140 ಕಿಲೋಮೀಟರಿಗೇ ನಿಂತಿತು. ಅನುಪಾತವನ್ನು 8ಕ್ಕೆ ಇಳಿಸಿದರೆ 210 ಕಿಲೋಮೀಟರು ದಕ್ಕುತ್ತದೆ, ಆದರೆ ಹೊರಡುವಾಗಿನ ತಳ್ಳು ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ. ಎರಡೂ ಬೇಕೆಂದರೆ ಎರಡು ಗಿಯರುಗಳು ಬೇಕು. ಕಂಪೆನಿ ಹಾಗೆಯೇ ನಿಶ್ಚಯಿಸಿತು. ಕಾಗದದ ಮೇಲೆ ಇದರಲ್ಲಿ ದೋಷವೇನೂ ಕಾಣುವುದಿಲ್ಲ.

ತೊಡಕು ಕಾಣುವುದು ಒಂದರಿಂದ ಎರಡಕ್ಕೆ ದಾಟುವ ಗಳಿಗೆಯಲ್ಲಿ. ಮೇಲಿನ ಲೆಕ್ಕವನ್ನೇ ಮುಂದುವರಿಸೋಣ. 12ರ ಗಿಯರಿನಲ್ಲಿ ಮೋಟಾರು 14,000 ಸುತ್ತಿನ ವೇಗದಲ್ಲಿದೆ. ಕಾರು ಅದೇ ವೇಗದಲ್ಲಿ ಓಡುತ್ತಿರುವಾಗಲೇ 8ರ ಗಿಯರಿಗೆ ಬರಬೇಕಾದರೆ ಮೋಟಾರು ಕಣ್ಣುಮುಚ್ಚಿ ತೆರೆಯುವುದರೊಳಗೆ ಸುಮಾರು 9,300 ಸುತ್ತಿಗೆ ಇಳಿಯಬೇಕು. ತಿರುಗುವ ವಸ್ತುವಿನ ಚಲನಶಕ್ತಿಯು ಅದರ ಸುತ್ತುವೇಗದ ವರ್ಗಕ್ಕೆ ಅನುಪಾತವಾಗಿರುವುದೆಂಬುದನ್ನು ನಾವು ಬಲ್ಲೆವು. ಸುತ್ತುವೇಗ ಮೂರನೆಯ ಎರಡು ಭಾಗವಾದರೆ ಶಕ್ತಿ ಒಂಬತ್ತನೆಯ ನಾಲ್ಕು ಭಾಗವಾಗುತ್ತದೆ. ಅರ್ಧಕ್ಕಿಂತಲೂ ಹೆಚ್ಚಿನ ಶಕ್ತಿಯನ್ನು ಆ ಗಳಿಗೆಯಲ್ಲಿ ತೆಗೆದುಹಾಕಬೇಕು! ಅದು ಸರಿಯಾಗಿ ನಡೆಯದಿದ್ದರೆ ಆ ಪೆಟ್ಟನ್ನು ತಿನ್ನುವುದು ಹಲ್ಲುಗಾಲಿಗಳೇ. ಸಾಮಾನ್ಯ ಪೆಟ್ರೋಲ್ ಯಂತ್ರದ ಸುತ್ತುವೇಗ ಇದರ ಅರ್ಧದಷ್ಟು. ಅಷ್ಟೇ ಜಡತ್ವದ ರೋಟರಾದರೆ ಅದರಲ್ಲಿ ಅಡಗಿರುವ ಶಕ್ತಿ ಕಾಲುಭಾಗ ಮಾತ್ರ. ಹೀಗಾಗಿ ಪೆಟ್ರೋಲ್ ಕಾರುಗಳಿಗೆ ಗಿಯರು ಮಾಡಿ ಪಳಗಿದ ಕೈಗಳಿಗೂ ಇದು ಹೊಸ ಕೆಲಸವಾಯಿತು. ಒಬ್ಬ ತಯಾರಕನನ್ನು ಬಿಟ್ಟು ಇನ್ನೊಬ್ಬನ ಬಳಿಗೆ ಹೋದದ್ದೂ ಆಯಿತು. ಪೆಟ್ಟಿಗೆಗಳು ಬಾಳಿಕೆ ಬರಲಿಲ್ಲ.

ಅತ್ತ ಕಂಪೆನಿಯ ಮನೆಯೊಳಗೇ ಬಿರುಗಾಳಿ ಎದ್ದಿತ್ತು. ಸ್ಥಾಪಕರಲ್ಲೊಬ್ಬರಾದ ಮಾರ್ಟಿನ್ ಎಬರ್ಹಾರ್ಡ್ 2007ರ ಆಗಸ್ಟಿನಲ್ಲಿ ಮುಖ್ಯಾಧಿಕಾರಿಯ ಸ್ಥಾನದಿಂದ ಇಳಿಯಬೇಕಾಯಿತು. ಮುಂದಿನ ವರ್ಷದ ಅಕ್ಟೋಬರಿನೊಳಗೆ ಆ ಪೀಠದಲ್ಲಿ ಇನ್ನೂ ಮೂವರು ಕುಳಿತರು. ಅದೇ 2008ರಲ್ಲಿ ಲೋಕದ ಹಣಕಾಸಿನ ವ್ಯವಸ್ಥೆಯೇ ಕುಸಿದುಬಿದ್ದಿತು. ಅಕ್ಟೋಬರಿನಲ್ಲಿ ಕಂಪೆನಿಯ ಕೈಯಲ್ಲಿ ಉಳಿದ ನಗದು ಸುಮಾರು 90 ಲಕ್ಷ ಡಾಲರು ಮಾತ್ರ. ಇನ್ನೂ ನೂರಾರು ಗಿರಾಕಿಗಳು ಮುಂಗಡ ಕಟ್ಟಿ ಕಾಯುತ್ತಿದ್ದರು. ಕಾರು ಬಾರದೆಹೋದರೆ ಕೊಟ್ಟ ಹಣ ಹಿಂದಿರುಗೀತೆಂಬ ಭರವಸೆಯೂ ಇರಲಿಲ್ಲ.

ಬಿಡುಗಡೆಯ ದಾರಿಯನ್ನು ಹೊಳೆಯಿಸಿದವರು ಪ್ರಶ್ನೆಯನ್ನೇ ಬದಲಾಯಿಸಿದರು. ಗಟ್ಟಿಯಾದ ಎರಡು ಗಿಯರುಗಳನ್ನು ಮಾಡುವುದು ಹೇಗೆ ಎಂದು ಕೇಳುವುದನ್ನು ಬಿಟ್ಟು, ಒಂದೇ ಗಿಯರಿನಿಂದ ಎರಡು ಮಾತುಗಳನ್ನೂ ಉಳಿಸಿಕೊಳ್ಳಲಾಗದೆ ಎಂದು ಕೇಳಿದರು. ಚಕ್ರಕ್ಕೆ ಸಿಗುವ ತಿರುಗುಬಲವೆಂದರೆ ಮೋಟಾರಿನ ತಿರುಗುಬಲ ಗುಣಿಸು ಗಿಯರಿನ ಅನುಪಾತ. ಎರಡನೆಯ ಅಂಶವನ್ನು ತಗ್ಗಿಸಿದರೆ ಮೊದಲನೆಯದನ್ನು ಏರಿಸಬೇಕು, ಅಷ್ಟೆ. ಮೋಟಾರಿಗೆ ಹರಿಯುವ ವಿದ್ಯುತ್ಪ್ರವಾಹವನ್ನು ಸುಮಾರು ಮೂರನೆಯ ಒಂದು ಭಾಗದಷ್ಟು ಹೆಚ್ಚಿಸಲಾಯಿತು. ತಿರುಗುಬಲವೂ ಹೆಚ್ಚುಕಡಿಮೆ ಅಷ್ಟೇ ಏರಿತು. ಇದು ಪುಕ್ಕಟೆಯಾಗಿ ಬರಲಿಲ್ಲ. ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಪಾತವಾದುದರಿಂದ ಅದು ಒಂದೂಮುಕ್ಕಾಲು ಪಟ್ಟಾಗುತ್ತದೆ. ಆದರೆ ಅಷ್ಟು ಪ್ರವಾಹ ಬೇಕಾಗುವುದು ಹೊರಡುವ ಕೆಲವು ಸೆಕೆಂಡುಗಳಲ್ಲಿ ಮಾತ್ರ. ಪ್ರವಾಹವನ್ನು ನಿಯಂತ್ರಿಸುವ ಟ್ರಾನ್ಸಿಸ್ಟರುಗಳನ್ನು ಹೆಚ್ಚು ಸಮರ್ಥವಾದವುಗಳಿಂದ ಬದಲಾಯಿಸಬೇಕಾಯಿತು. ಇದು ಕಂಪೆನಿಯವರಿಗೆ ಬಲ್ಲ ವಿದ್ಯೆ. ಹಲ್ಲುಗಾಲಿಯ ವಿದ್ಯೆ ಅವರದಾಗಿರಲಿಲ್ಲ. ಮೊದಲೇ ಈ ದಾರಿ ಹಿಡಿದಿದ್ದರೆ ಒಂದು ವರ್ಷ ಉಳಿಯುತ್ತಿತ್ತೆಂದು ನಮಗೆ ತೋರುತ್ತದೆ. ದಡದಲ್ಲಿ ನಿಂತು ಹೀಗೆ ಹೇಳುವುದು ಸುಲಭವೆಂಬುದನ್ನೂ ಒಪ್ಪಬೇಕು.

ಬೋರ್ಗ್‌ವಾರ್ನರ್ ಕಂಪೆನಿ ಮಾಡಿಕೊಟ್ಟ ಹೊಸ ಪೆಟ್ಟಿಗೆಯ ಅನುಪಾತ 8.28. ಚಕ್ರದ ಸುತ್ತಳತೆಯಿಂದ ಗರಿಷ್ಠ ವೇಗವನ್ನು ಲೆಕ್ಕಹಾಕಿದರೆ ಗಂಟೆಗೆ 203 ಕಿಲೋಮೀಟರು ಬರುತ್ತದೆ. ಕಂಪೆನಿ ಹೇಳಿದ್ದು 201. ಇನ್ನು ವೇಗೋತ್ಕರ್ಷ. ಮೋಟಾರಿನ ತಿರುಗುಬಲ ಸುಮಾರು 375 ನ್ಯೂಟನ್ ಮೀಟರು. ಅದನ್ನು 8.28ರಿಂದ ಗುಣಿಸಿ, ಚಕ್ರದ ತ್ರಿಜ್ಯ 0.317 ಮೀಟರಿನಿಂದ ಭಾಗಿಸಿದರೆ ಕಾರನ್ನು ತಳ್ಳುವ ಬಲ ಸುಮಾರು 9,800 ನ್ಯೂಟನ್. ಚಾಲಕನೂ ಸೇರಿ ರಾಶಿ 1,350 ಕಿಲೋಗ್ರಾಂ ಎಂದು ಹಿಡಿದರೆ ವೇಗೋತ್ಕರ್ಷ ಸೆಕೆಂಡಿಗೆ ಸೆಕೆಂಡಿಗೆ 7.3 ಮೀಟರು, ಗಂಟೆಗೆ 97 ಕಿಲೋಮೀಟರನ್ನು ಮುಟ್ಟಲು 3.7 ಸೆಕೆಂಡುಗಳು ಸಾಕು. ನಿಜವಾದ ಕಾರಿಗೆ 3.9 ಸೆಕೆಂಡುಗಳು ಬೇಕಾದವು. ಗಾಳಿಯ ತಡೆಯನ್ನೂ ಘರ್ಷಣೆಯನ್ನೂ ನಾವು ಬಿಟ್ಟಿದ್ದೇವೆಂಬುದನ್ನು ನೆನೆದರೆ ಈ ಹೊಂದಾಣಿಕೆ ಸಂತೋಷ ಕೊಡುತ್ತದೆ.

ಹೊಸ ಪೆಟ್ಟಿಗೆ ಬರುವವರೆಗೆ ಕಾರುಗಳನ್ನು ಹಿಡಿದಿಟ್ಟುಕೊಳ್ಳಲು ಕಂಪೆನಿಗೆ ತ್ರಾಣವಿರಲಿಲ್ಲ. ಆದುದರಿಂದ ಮೊದಲು ತಯಾರಾದ ಕಾರುಗಳಲ್ಲಿ ಹಳೆಯ ಪೆಟ್ಟಿಗೆಯನ್ನೇ ಇಟ್ಟು, ಅದನ್ನು ಎರಡನೆಯ ಗಿಯರಿನಲ್ಲಿ ಭದ್ರವಾಗಿ ಸಿಕ್ಕಿಸಿ ಗಿರಾಕಿಗಳಿಗೆ ಒಪ್ಪಿಸಿದರು. ಅವು ಓಡಿದವು, ಆದರೆ ಅದೇ ವೇಗಕ್ಕೆ 5.7 ಸೆಕೆಂಡುಗಳನ್ನು ತೆಗೆದುಕೊಂಡವು. 2008 ಮುಗಿಯುವುದರೊಳಗೆ ಒಂಟಿ ಗಿಯರಿನ ಕಾರುಗಳು ಹೊರಬರತೊಡಗಿದವು. ಹಿಂದೆ ಕೊಂಡವರ ಕಾರುಗಳಿಗೂ ಹಣ ಪಡೆಯದೆ ಹೊಸ ಪೆಟ್ಟಿಗೆಯನ್ನು ಕೂಡಿಸಿಕೊಟ್ಟರು. 2012ರವರೆಗೆ ಮಾರಾಟವಾದ ಸುಮಾರು 2,450 ರೋಡ್‌ಸ್ಟರುಗಳು ಓಡಿದ್ದು ಈ ಒಂದೇ ಗಿಯರಿನ ಮೇಲೆ.